ಚೆಕ್‌ಲಿಸ್ಟ್ ಬಂದರೆ ಸಾವು ಕಡಿಮೆಯಾಗುತ್ತದೆಯೇ?

‘ಹೊಸ ಪದ್ಧತಿ ತಂದ ಮೇಲೆ ಆಸ್ಪತ್ರೆಯ ಸೇವೆ ಸುಧಾರಿಸಿತು’ ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ಆಸ್ಪತ್ರೆ ನಿರ್ವಹಣೆಯ ಸಂಶೋಧನಾ ಪತ್ರಿಕೆಗಳಲ್ಲೂ ಇಂಥ ‘ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು’ ಎಂಬ ಹೋಲಿಕೆಗಳು ಸಾಕಷ್ಟಿವೆ. ಅವನ್ನು ಎಷ್ಟು ನಂಬಬಹುದು? ಒಂದು ಉದಾಹರಣೆ ನೋಡೋಣ.

ಹೆರಿಗೆಯ ವೇಳೆ ಯಾವುದೂ ಮರೆತುಹೋಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಚೆಕ್‌ಲಿಸ್ಟ್ ರೂಪಿಸಿತು. ಕೈ ತೊಳೆಯುವುದು, ಬಿಪಿ ನೋಡುವುದು, ಮಗುವಿಗೆ ಬೇಗ ಎದೆಹಾಲು ಕುಡಿಸುವುದು ಇವೆಲ್ಲ ಅದರಲ್ಲಿವೆ. ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಅದನ್ನು ಪ್ರಾಯೋಗಿಕವಾಗಿ ಬಳಸಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 29 ಅಗತ್ಯ ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದವು, ಆಮೇಲೆ 25.

ಭರವಸೆ ಮೂಡಿಸುವ ಫಲಿತಾಂಶವೇ ಸರಿ. ಆದರೆ ಇಲ್ಲಿದ್ದದ್ದು ಒಂದೇ ಆಸ್ಪತ್ರೆ, ಹೋಲಿಸಿ ನೋಡಲು ಇನ್ನೊಂದಿಲ್ಲ. ಯಾರೋ ಗಮನಿಸುತ್ತಿದ್ದಾರೆಂದರೆ ಸಿಬ್ಬಂದಿ ಹೆಚ್ಚು ಎಚ್ಚರ ವಹಿಸುವುದೂ ಉಂಟು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿರಬಹುದಲ್ಲ! ಅಲ್ಲದೆ, ಅಳೆದದ್ದು ಕ್ರಮಗಳ ಪಾಲನೆಯನ್ನು, ಉಳಿದ ಜೀವಗಳನ್ನಲ್ಲ.

ಹಾಗಾಗಿ ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರಯೋಗವೇ ನಡೆಯಿತು. 120 ಆರೋಗ್ಯ ಕೇಂದ್ರಗಳನ್ನು ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿ, 60ರಲ್ಲಿ ಚೆಕ್‌ಲಿಸ್ಟ್ ಜೊತೆಗೆ ತರಬೇತಿ ನೀಡಿದರು. ಉಳಿದ 60 ಎಂದಿನಂತೆ ನಡೆದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಎರಡು ತಿಂಗಳಾದಾಗ ಗಮನಿಸಿದ 18 ಕ್ರಮಗಳಲ್ಲಿ ಚೆಕ್‌ಲಿಸ್ಟ್ ಇದ್ದ ಕಡೆ ಸುಮಾರು ಶೇ. 73, ಇಲ್ಲದ ಕಡೆ ಶೇ. 42 ಪಾಲನೆಯಾಗುತ್ತಿದ್ದವು. ಆದರೆ ತಾಯಿ ಅಥವಾ ಮಗುವಿನ ಸಾವು, ತಾಯಿಗೆ ಗಂಭೀರ ತೊಂದರೆ ಇವೆಲ್ಲ ಸೇರಿ ಒಂದು ಕಡೆ ಶೇ. 15.1, ಇನ್ನೊಂದು ಕಡೆ ಶೇ. 15.3. ಅಂದರೆ, ವ್ಯತ್ಯಾಸ ಇಲ್ಲವೆಂದೇ ಹೇಳಬೇಕು.

ಹಾಗಂತ ಚೆಕ್‌ಲಿಸ್ಟ್ ವ್ಯರ್ಥವೆಂದಲ್ಲ. ಅದು ಮರೆವನ್ನು ತಡೆಯಬಲ್ಲದು. ಇಲ್ಲದ ರಕ್ತವನ್ನಾಗಲಿ, ಆಪರೇಷನ್ ಮಾಡುವ ವೈದ್ಯರನ್ನಾಗಲಿ ತರಲಾರದು.

ಈಗ ಸಂಶೋಧಕರು ಬೇರೆ ವಿಧಾನಗಳನ್ನೂ ಬಳಸುತ್ತಿದ್ದಾರೆ. ಹೊಸ ಪದ್ಧತಿಯನ್ನು ಎಲ್ಲ ಆಸ್ಪತ್ರೆಗಳಿಗೂ ಸರದಿಯಂತೆ ಕೊಟ್ಟು, ಇನ್ನೂ ಸರದಿ ಬರದವುಗಳ ಜೊತೆ ಹೋಲಿಸುವುದು ಒಂದು. ಅಂಕಿಗಳ ಹಿಂದಿನ ಕಾರಣ ತಿಳಿಯಲು ನರ್ಸ್‌ಗಳನ್ನೂ ರೋಗಿಗಳನ್ನೂ ಮಾತನಾಡಿಸುವುದು ಇನ್ನೊಂದು.

ಮುಂದಿನ ಸಲ ಇಂಥ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಆಸ್ಪತ್ರೆಗಳು? ಯಾವುದರ ಜೊತೆ ಹೋಲಿಕೆ? ಅಳೆದದ್ದು ಕೆಲಸವನ್ನೋ, ರೋಗಿಗಾದ ಲಾಭವನ್ನೋ?