ಹೊಸ ಪುಸ್ತಕವೂ ಮಣಿಗಳ ಮಡಕೆಯೂ

ಪರೀಕ್ಷೆಗಳು ಮುಗಿದ ವಾರದ ಒಂದು ಸಂಜೆ ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ನಾಲ್ವರು ವಿದ್ಯಾರ್ಥಿಗಳು ಬಂದರು. ಭೌತಶಾಸ್ತ್ರದಲ್ಲಿ ಏನಾದರೂ ಸಂದೇಹವಿರಬಹುದೆಂದು ನಾವು ಎಣಿಸಿದೆವು. ಅವರು ಕೇಳಿದ್ದು ಬೇರೆ. “ಸರ್, ಸೂಟಿಯೊಳಗ ಓದಾಕ ಕನ್ನಡದಾಗ ಹೊಸಾವು ಯಾವ ಪುಸ್ತಕ ಬಂದಾವ್ರಿ?” ನಾವು ಉತ್ತರ ಕೊಡುವ ಮೊದಲೇ ಅವರವರ ಮೊಬೈಲುಗಳಲ್ಲಿ ಯಾದಿಗಳು ತೆರೆದುಕೊಂಡವು. ಅತಿ ಹೆಚ್ಚು ಮಾರಾಟವಾದ ಕಾದಂಬರಿಗಳು, ಅತಿ ಹೆಚ್ಚು ಜನ ಕೇಳಿದ ಧ್ವನಿಪುಸ್ತಕಗಳು, ಅತಿ ಹೆಚ್ಚು ನಕ್ಷತ್ರ ಪಡೆದ ಆತ್ಮಕಥೆಗಳು! ನಾಲ್ಕು ಯಾದಿಗಳಲ್ಲಿಯೂ ಮೇಲಿದ್ದ ಹೆಸರುಗಳು ಬಹುಮಟ್ಟಿಗೆ ಒಂದೇ. “ಇಷ್ಟ ಮಂದಿ ಓದ್ಯಾರ ಅಂದಮ್ಯಾಲೆ ಅವು ಚಲೋ ಇರಾಕ ಬೇಕಲ್ರಿ?” ಎಂದನು ಒಬ್ಬನು. ಅವರಲ್ಲಿ ಕಥೆ ಬರೆಯುವ ಹುಡುಗಿಯೊಬ್ಬಳಿದ್ದಳು. ಆಕೆ ಮೆಲ್ಲನೆ, “ಹಂಗಾದ್ರ ನಾಳೆ ನಾ ಒಂದು ಪುಸ್ತಕ ಬರದ್ರ ಅದು ಯಾರ ಕಣ್ಣಿಗೆ ಬೀಳತೈತ್ರಿ?” ಎಂದಳು.

ಈ ಎರಡೂ ಪ್ರಶ್ನೆಗಳು ಸಾಹಿತ್ಯಕ್ಕೆ ಸೇರಿದವೆಂದು ತೋರಬಹುದು. ಆದರೆ ವಿಜ್ಞಾನವೂ ಇವುಗಳಿಗೆ ತಕ್ಕಮಟ್ಟಿನ ಉತ್ತರವನ್ನು ಕೊಡಬಲ್ಲುದು. ಆ ಉತ್ತರವನ್ನು ಈ ಪತ್ರಿಕೆಯ ತರುಣ ವಾಚಕರ ಮುಂದೆಯೂ ಇಡಬೇಕೆಂದು ನಮಗನ್ನಿಸಿತು.

ಮೊದಲು ಪ್ರಯೋಗಶಾಲೆಯ ಒಂದು ಮಾತು. ಬಿಸಿನೀರಿನ ದೊಡ್ಡ ಹಂಡೆಯಲ್ಲಿ ತಣ್ಣಗಿನ ಉಷ್ಣಮಾಪಕವನ್ನು ಅದ್ದಿದರೆ ನೀರಿನ ಉಷ್ಣತೆ ಬದಲಾಯಿತೆಂದು ಯಾರೂ ಹೇಳಲಾರರು. ಅದೇ ಮಾಪಕವನ್ನು ಒಂದು ಚಮಚ ಬಿಸಿನೀರಿನಲ್ಲಿ ಇಟ್ಟರೆ ಅದು ನೀರಿನ ಶಾಖವನ್ನೇ ಹೀರಿ, ತಾನು ಅಳೆಯಬೇಕಾದುದನ್ನು ತಾನೇ ಕೆಡಿಸುತ್ತದೆ. ಜನಪ್ರಿಯತೆಯ ಯಾದಿಯೂ ಇಂಥದೇ ಒಂದು ಮಾಪಕ. ಲಕ್ಷಾಂತರ ಜನ ಈಗಾಗಲೇ ಓದಿರುವ ಹಳೆಯ ಕೃತಿಗೆ ಅದರಿಂದ ಹೆಚ್ಚಿನ ವ್ಯತ್ಯಾಸವಾಗದು. ಇನ್ನೂ ಐವತ್ತು ಮಂದಿ ಓದುಗರನ್ನೂ ಕಾಣದ ಹೊಸ ಪುಸ್ತಕದ ಸ್ಥಿತಿ ಮಾತ್ರ ಚಮಚದ ನೀರಿನದು. ಯಾದಿ ಅದನ್ನು ಅಳೆಯುವಾಗಲೇ ಅದರ ಹಣೆಬರಹವನ್ನೂ ಬರೆಯುತ್ತದೆ.

ಇದು ಹೇಗೆಂಬುದನ್ನು ಒಂದು ಮಡಕೆಯಿಂದ ತಿಳಿಯಬಹುದು. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ ಅವರು ಎಗೆನ್‌ಬರ್ಗರ್ ಅವರೊಡನೆ 1923ರಲ್ಲಿ ವಿವರಿಸಿದ ಆಟವಿದು. ಮಡಕೆಯಲ್ಲಿ ಒಂದು ಕೆಂಪು ಮಣಿ, ಒಂದು ಬಿಳಿ ಮಣಿ ಇವೆ. ಕಣ್ಣು ಮುಚ್ಚಿ ಒಂದನ್ನು ತೆಗೆಯಿರಿ. ಅದನ್ನು ಮರಳಿ ಹಾಕಿ, ಅದೇ ಬಣ್ಣದ ಇನ್ನೊಂದನ್ನೂ ಹಾಕಿರಿ. ಹೀಗೆಯೇ ಮುಂದುವರಿಸಿರಿ. ಎರಡೂ ಮಣಿಗಳು ಸರಿಸಮಾನವಾಗಿರುವುದರಿಂದ ಕೊನೆಗೆ ಅರ್ಧ ಕೆಂಪು, ಅರ್ಧ ಬಿಳಿ ಉಳಿಯಬೇಕೆಂದು ಯಾರಾದರೂ ಎಣಿಸಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. ಹತ್ತು ಸಲ ತೆಗೆದ ಮೇಲೆ ಮಡಕೆಯಲ್ಲಿ 12 ಮಣಿಗಳಿರುತ್ತವೆ. ಅವುಗಳಲ್ಲಿ ಕೆಂಪು ಮಣಿ ಒಂದೇ ಇರುವ ಸಂಭವ, ಆರು ಇರುವ ಸಂಭವ, ಹನ್ನೊಂದು ಇರುವ ಸಂಭವ, ಎಲ್ಲವೂ ಒಂದೇ: 1/11. ನಂಬಿಕೆಯಾಗದಿದ್ದರೆ ಎರಡೇ ಸಲ ತೆಗೆದು ಲೆಕ್ಕ ಹಾಕಿರಿ. ಎರಡೂ ಸಲ ಕೆಂಪೇ ಬರುವ ಸಂಭವ 1/2 × 2/3, ಅಂದರೆ 1/3. ಎರಡೂ ಸಲ ಬಿಳಿಯೇ ಬರುವುದಕ್ಕೂ ಅಷ್ಟೇ. ಒಂದೊಂದು ಬರುವುದಕ್ಕೂ ಅಷ್ಟೇ. ನಾವು ಇದನ್ನು ವರ್ಗದಲ್ಲಿ ಮಾಡಿಸಿದಾಗ ಒಂದು ಗುಂಪಿನ ಮಡಕೆ ಬಹುತೇಕ ಕೆಂಪಾಯಿತು, ಪಕ್ಕದ ಬೆಂಚಿನವರದು ಬಿಳಿಯಾಯಿತು. ಮಣಿಗಳ ಗುಣದಲ್ಲಿ ಯಾವ ಭೇದವೂ ಇರಲಿಲ್ಲ. ಮೊದಲ ಕೆಲವು ಸಲ ಕೈಗೆ ಯಾವುದು ಬಂದಿತೋ ಅದೇ ಮುಂದಿನದನ್ನೆಲ್ಲ ನಡೆಸಿತು.

ಪುಸ್ತಕಗಳು ಮಣಿಗಳಲ್ಲ, ಅವುಗಳಲ್ಲಿ ಗುಣಭೇದ ಉಂಟಷ್ಟೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬಹುದು. ಅವರು ಹೆಸರಿಲ್ಲದ ಗಾಯಕ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳನ್ನಷ್ಟೇ ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ಪ್ರಪಂಚಗಳಾಗಿ ವಿಂಗಡಿಸಿ, ತಮ್ಮ ಪ್ರಪಂಚದಲ್ಲಿ ಯಾವ ಹಾಡನ್ನು ಎಷ್ಟು ಜನ ಪಡೆದುಕೊಂಡರೆಂಬ ಸಂಖ್ಯೆಯನ್ನೂ ಅವರಿಗೆ ತೋರಿಸಿದರು. ಸಂಖ್ಯೆ ಕಂಡಲ್ಲೆಲ್ಲ ಮೇಲಿನ ಹಾಡು ಮತ್ತಷ್ಟು ಮೇಲೇರಿತು, ಕೆಳಗಿನದು ಮತ್ತಷ್ಟು ಕೆಳಗಿಳಿಯಿತು. ಯಾವುದು ಮೇಲೇರಿತೆಂಬುದು ಮಾತ್ರ ಎಂಟು ಪ್ರಪಂಚಗಳಲ್ಲಿ ಎಂಟು ಬಗೆಯಾಯಿತು. ಅತ್ಯುತ್ತಮವಾದುವು ತೀರ ಕೆಳಗಿಳಿದದ್ದು ಅಪರೂಪ. ತೀರ ಕಳಪೆಯಾದುವು ಗೆದ್ದದ್ದೂ ಅಪರೂಪ. ನಡುವಿನ ಬಹುಸಂಖ್ಯಾತ ಹಾಡುಗಳ ಪಾಲಿಗೆ ಏನು ಬೇಕಾದರೂ ಆಗಬಹುದಾಗಿತ್ತು. ಇದೇ ನಮ್ಮ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಉತ್ತರ. ಬಹಳ ಮಂದಿ ಓದಿದ ಪುಸ್ತಕ ತೀರ ಕೆಟ್ಟದ್ದಾಗಿರಲಾರದು. ಆದರೆ ಮಂದಿ ಓದದ ಪುಸ್ತಕ ಅದಕ್ಕಿಂತ ಕಡಮೆಯದೆಂದು ಹೇಳಲು ಯಾದಿಗೆ ಅಧಿಕಾರವಿಲ್ಲ.

ನಮ್ಮ ನಾಡಿನ ನಿದರ್ಶನವೇ ಕಣ್ಣ ಮುಂದಿದೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರೊಡನೆ, ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತು. ಆ ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಕನ್ನಡದಲ್ಲಿಯೇ ಬರೆದಂಥವು. ಬಹುಮಾನದ ಮರುದಿನ ನಮ್ಮ ಸಹೋದ್ಯೋಗಿಗಳೂ ನಾವೂ ಆ ಪುಸ್ತಕಗಳಿಗಾಗಿ ಹುಡುಕಾಡಿದೆವು. ಕಥೆಗಳಲ್ಲಿ ಒಂದಕ್ಷರವೂ ರಾತ್ರಿ ಬೆಳಗಾಗುವುದರೊಳಗೆ ಬದಲಾಗಿರಲಿಲ್ಲ. ಬದಲಾದದ್ದು ಮಡಕೆಯ ಬಣ್ಣ. ದೂರದ ಲಂಡನ್ನಿನಲ್ಲಿ ಯಾರೋ ಮಣಿ ತೆಗೆಯುವವರೆಗೆ ಕಾದಿದ್ದ ನಾವು ನಾಚಿಕೊಳ್ಳಬೇಕಾದ ಸಂಗತಿಯಿದು.

ಹಿಂದಿನವರು ಹೊಸ ಪುಸ್ತಕವನ್ನು ಹೇಗೆ ಕಂಡುಕೊಳ್ಳುತ್ತಿದ್ದರು? ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಒಯ್ದು ಮಾರುತ್ತಿದ್ದರೆಂಬ ಮಾತು ನಮ್ಮ ಕಡೆ ಇಂದಿಗೂ ಉಳಿದಿದೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯು ತನ್ನ ಪುಸ್ತಕ ವಿಭಾಗದಲ್ಲಿ ಗ್ರಂಥಗಳನ್ನು ಸಂಗ್ರಹಿಸಿ ಕೊಟ್ಟು ವಾಚಕರ ಹಸಿವನ್ನು ಎಬ್ಬಿಸಿತು. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಮಾಲೆಯ ಚಂದಾದಾರರು ವರ್ಷದ ಹಣವನ್ನು ಮೊದಲೇ ಕಟ್ಟಿ, ಮಾಲೆಯವರು ಆರಿಸಿದ ಪುಸ್ತಕಗಳನ್ನು ಪಡೆಯುತ್ತಿದ್ದರು. ಕೊಳ್ಳುವ ಮೊದಲು ಇತರರು ಎಷ್ಟು ಮಂದಿ ಕೊಂಡರೆಂದು ನೋಡುವ ಅವಕಾಶವೇ ಅವರಿಗಿರಲಿಲ್ಲ. ಹೀಗೆ 1961ರಲ್ಲಿ ಇಪ್ಪತ್ತಮೂರರ ಗಿರೀಶ ಕಾರ್ನಾಡರ ‘ಯಯಾತಿ’ಯೂ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯೂ, 1965ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಮಾಲೆಯಲ್ಲಿ ಹೊರಬಂದು ಓದುಗರನ್ನು ಮುಟ್ಟಿದವು. ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವೂ ಐವತ್ತು ವರ್ಷಗಳ ಅನಂತರ, 2011ರಲ್ಲಿ, ಅದೇ ಮಾಲೆಯಿಂದಲೇ ಬಂದಿತು.

ಇದರಿಂದ ಹಳೆಯದೆಲ್ಲ ಹೊನ್ನೆಂದು ನಾವು ವಾದಿಸುತ್ತಿಲ್ಲ. ಆರಿಸುವವರು ಕೆಲವರೇ ಆದಾಗ ಅವರ ಕಣ್ಣಿಗೆ ಬೀಳದ್ದು ಹೊರಗೆ ಉಳಿಯುತ್ತದೆ. ಇಂದು ಹಳ್ಳಿಯ ಹುಡುಗಿಯೂ ತನ್ನ ಬರಹವನ್ನು ಯಾರ ಅಪ್ಪಣೆಯೂ ಇಲ್ಲದೆ ಪ್ರಕಟಿಸಬಲ್ಲಳು. ಇದು ದೊಡ್ಡ ಲಾಭ. ಆದರೆ ಪ್ರಕಟವಾಗುವುದು ಬೇರೆ, ಕಣ್ಣಿಗೆ ಬೀಳುವುದು ಬೇರೆ. ಈ ಪುಸ್ತಕ ಕೊಂಡವರು ಆ ಪುಸ್ತಕವನ್ನೂ ಕೊಂಡರೆಂದು ಹೇಳಿ ಶಿಫಾರಸು ಮಾಡುವ ಗಣಕಯಂತ್ರಕ್ಕೆ, ಇನ್ನೂ ಯಾರೂ ಕೊಳ್ಳದ ಪುಸ್ತಕದ ವಿಷಯದಲ್ಲಿ ಹೇಳಲು ಮಾತೇ ಇರುವುದಿಲ್ಲ.

ಧ್ವನಿಪುಸ್ತಕದಲ್ಲಿ ಈ ತೊಡಕು ಇನ್ನೂ ಹೆಚ್ಚು. ಕಿವಿಯಿಂದ ಓದುವುದು ನಮಗೆ ಹೊಸದಲ್ಲ. ಶ್ರಾವಣದಲ್ಲಿ ಒಬ್ಬರು ಪುರಾಣ ಓದುವುದು, ಊರೇ ಕುಳಿತು ಕೇಳುವುದು ನಮ್ಮ ಸೀಮೆಯ ವಾಡಿಕೆ. ಎಡಿಸನ್ನರೂ 1878ರಲ್ಲಿಯೇ ತಮ್ಮ ಧ್ವನಿಮುದ್ರಣ ಯಂತ್ರದ ಉಪಯೋಗಗಳನ್ನು ಎಣಿಸುವಾಗ ಅಂಧರಿಗಾಗಿ ಮಾತನಾಡುವ ಪುಸ್ತಕಗಳನ್ನು ಹೆಸರಿಸಿದ್ದರು. ಆದರೆ ಅಚ್ಚಿನ ಪುಸ್ತಕವನ್ನು ಅಂಗಡಿಯಲ್ಲಿ ನಿಂತು ನಾಲ್ಕು ಕಡೆ ತೆರೆದು ನೋಡಬಹುದು. ಕಣ್ಣು ಪುಟದ ಮೇಲೆ ಹಾರಾಡಬಲ್ಲುದು. ಶಬ್ದವು ಕಾಲದಲ್ಲಿ ಒಂದರ ಹಿಂದೆ ಒಂದಾಗಿ ಬರುವುದರಿಂದ ಕಿವಿಗೆ ಆ ಸೌಕರ್ಯವಿಲ್ಲ. ಹೀಗಾಗಿ ಕೇಳುಗನು ತಾನು ಪರೀಕ್ಷಿಸುವುದನ್ನು ಬಿಟ್ಟು ನಕ್ಷತ್ರಗಳನ್ನು ನಂಬುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ಭೌತಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದ ಮೂರು ನಿಯಮಗಳು ಸಾಕು.

ಮೊದಲನೆಯದು, ಸ್ವತಂತ್ರವಾದ ಆಯ್ಕೆ. ನಾಲ್ಕು ಪುಸ್ತಕಗಳಲ್ಲಿ ಮೂರನ್ನು ಯಾದಿಯಿಂದಲೇ ಆರಿಸಿರಿ, ಅಡ್ಡಿಯಿಲ್ಲ. ಒಂದನ್ನು ಮಾತ್ರ ಯಾವ ಸಂಖ್ಯೆಯನ್ನೂ ನೋಡದೆ ಆರಿಸಿರಿ. ಇದಕ್ಕೆ ಒಳ್ಳೆಯ ಸಾಧನ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿಯೇ ಇದೆ. ಅಲ್ಲಿಗೆ ಬಂದ ಪುಸ್ತಕಗಳನ್ನು ಬಂದ ಕ್ರಮದಲ್ಲಿಯೇ ಬರೆದಿಡುವ ರಿಜಿಸ್ಟರು ಒಂದಿರುತ್ತದೆ. ಅದರ ಕೊನೆಯ ಪುಟದಲ್ಲಿ ಪ್ರಸಿದ್ಧರೂ ಅಪ್ರಸಿದ್ಧರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಗ್ರಂಥಪಾಲಕರನ್ನು ವಿನಯದಿಂದ ಕೇಳಿದರೆ ತೋರಿಸುವರು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ತಮ್ಮ ಐದು ಸೂತ್ರಗಳಲ್ಲಿ ಪ್ರತಿಯೊಬ್ಬ ವಾಚಕನಿಗೆ ಅವನ ಪುಸ್ತಕ ಸಿಗಬೇಕೆಂದು ವಿಧಿಸಿದುದಲ್ಲದೆ, ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕನು ಸಿಗಬೇಕೆಂದೂ ವಿಧಿಸಿದರು. ಎರಡನೆಯ ಮಾತನ್ನು ನಾವು ಮರೆತಿದ್ದೇವೆ.

ಎರಡನೆಯದು, ಒಂದಕ್ಕಿಂತ ಹೆಚ್ಚು ಅಳತೆ. ತಂತಿಯ ವ್ಯಾಸವನ್ನು ಒಂದೇ ಕಡೆ ಅಳೆದು ನಾವು ಬಿಡುವುದಿಲ್ಲ. ಪುಸ್ತಕದ ಆದಿಯಲ್ಲಿ, ನಡುವಿನಲ್ಲಿ, ಮುಕ್ಕಾಲು ಭಾಗದಲ್ಲಿ ಎರಡೆರಡು ಪುಟ ಓದಿರಿ. ಧ್ವನಿಪುಸ್ತಕವಾದರೆ, ಪೂರ್ತಿ ತೆರೆದಿಟ್ಟಿರುವಲ್ಲಿ, ಅದೇ ಮೂರು ಕಡೆ ಐದೈದು ನಿಮಿಷ ಕೇಳಿರಿ. ಕತೆ ಬೇಸರವೋ, ಓದಿದವರ ಧ್ವನಿ ಬೇಸರವೋ ಎಂಬುದನ್ನೂ ಬೇರೆ ಮಾಡಿ ನೋಡಿರಿ.

ಮೂರನೆಯದು, ಅಳತೆಯನ್ನು ಬರೆದಿಡುವುದು. ಓದಿ ಮುಗಿಸಿದೊಡನೆ, ಇತರರ ಅಭಿಪ್ರಾಯವನ್ನು ನೋಡುವ ಮುನ್ನ, ನಿಮ್ಮದನ್ನು ಐದು ಸಾಲಿನಲ್ಲಿ ಬರೆಯಿರಿ. ಪಕ್ಕದವನ ಫಲಿತಾಂಶ ನೋಡಿ ತನ್ನದನ್ನು ತಿದ್ದುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲವಷ್ಟೆ. ಬರೆದದ್ದನ್ನು ಕಾಲೇಜಿನ ಫಲಕದ ಮೇಲೆ ಅಂಟಿಸಿರಿ. ನಕ್ಷತ್ರ, ಸಂಖ್ಯೆ ಯಾವುದೂ ಬೇಡ. ಇನ್ನೂ ಅಪರಿಚಿತನಾದ ಲೇಖಕನ ಮಡಕೆಗೆ ಆ ಐದು ಸಾಲುಗಳೇ ಮೊದಲ ಮಣಿ. ಸಾವಿರದ ಒಂದನೆಯ ಓದುಗನಿಂದ ಆಗದ ಕೆಲಸ ಮೂರನೆಯ ಓದುಗನಿಂದ ಆಗುತ್ತದೆಂಬುದು ಪೋಲ್ಯರ ಲೆಕ್ಕದ ತಾತ್ಪರ್ಯ.

ಈ ರೀತಿ ಆರಿಸಿದ ಪುಸ್ತಕಗಳಲ್ಲಿ ಕೆಲವು ನಿರಾಶೆ ತರುವುವು. ಪ್ರಯೋಗ ಮಾಡುವವನು ಅದಕ್ಕೆ ಸಿದ್ಧನಿರಬೇಕು. ಒಂದು ಮಾತ್ರ ನಿಜವಾಗಿ ನಿಮ್ಮದಾಗುವುದು. ಅದರ ಲೇಖಕರ ಹೆಸರನ್ನು ನಿಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಅಂದು ಆ ನಾಲ್ವರೂ ಮಣಿಗಳ ಆಟವನ್ನು ಆಡಿ, ರಾತ್ರಿಯಾಯಿತೆಂದು ಎದ್ದರು. ಕಥೆ ಬರೆಯುವ ಹುಡುಗಿಗೆ ನಾವು ಹೇಳಿದ್ದು ಇಷ್ಟೆ: “ನಿನ್ನ ಪುಸ್ತಕ ಯಾರ ಕಣ್ಣಿಗೆ ಬೀಳತೈತಿ ಅನ್ನೋದು ನಿನ್ನ ಕೈಯಾಗಿಲ್ಲವ್ವಾ. ಈ ಸೂಟಿಯೊಳಗ ನಿನ್ನಂಥ ಇನ್ನೊಬ್ಬರ ಪುಸ್ತಕ ನಿನ್ನ ಕಣ್ಣಿಗೆ ಬೀಳೂದು ಮಾತ್ರ ನಿನ್ನ ಕೈಯಾಗೈತಿ.” ಆಕೆ ತಲೆಯಾಡಿಸಿ, ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುವುದೆಂದು ಕೇಳಿದಳು.