ಬದುವಿನ ಸೊಪ್ಪು, ಅಂಗಳದ ಮೊಲ



ಕಳೆದ ಶ್ರಾವಣ ಮಾಸದ ಎರಡನೆಯ ಸೋಮವಾರ ಮಂಠಾಳದ ನಮ್ಮ ಮನೆಯ ಅಂಗಳದಲ್ಲಿ ಒಂದು ಬಿಳಿ ಮೊಲ ಪ್ರಾಣ ಬಿಟ್ಟಿತು. ನಮ್ಮ ಮೊಮ್ಮಗಳು ಅಕ್ಕರೆಯಿಂದ ಸಾಕಿದ ಜೋಡಿಯಲ್ಲಿ ಅದೊಂದು. ಅದರ ಸಾವಿಗೆ ಕಾರಣವಾದುದು ರೋಗವಲ್ಲ, ನಾಯಿಯಲ್ಲ, ಬೆಕ್ಕಲ್ಲ, ನಾವು. ಈ ಪುಟದಲ್ಲಿ ಅನ್ಯರ ತಪ್ಪುಗಳನ್ನು ತಿದ್ದುವ ಸಲಿಗೆಯನ್ನು ಇಷ್ಟು ಕಾಲ ವಹಿಸಿಕೊಂಡು ಬಂದ ನಾವು ನಮ್ಮ ತಪ್ಪನ್ನೂ ಇಲ್ಲಿಯೇ ಒಪ್ಪಿಸುವುದು ನ್ಯಾಯವೆಂದು ಭಾವಿಸಿ ಈ ತಿಂಗಳು ಮೊಲದ ಮೇವಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ವಿಷಯ ಹಗುರವೆಂದು ಓದುಗರು ಪುಟ ತಿರುವಬಾರದಾಗಿ ವಿನಂತಿ. ಈಗ ಅನೇಕ ಮನೆಗಳಲ್ಲಿ ಮಕ್ಕಳು ಮೊಲ ಸಾಕುತ್ತಿದ್ದಾರೆ, ಆ ಮನೆಗಳಲ್ಲಿ ಪೂಜೆಯೂ ನಡೆಯುತ್ತದೆ.

ನಡೆದುದಿಷ್ಟು. ಅಂದು ಪೂಜೆಗೆ ಬಿಲ್ವಪತ್ರೆ, ಕಣಗಿಲೆ, ಎಕ್ಕೆಯ ಹೂ ಎಲ್ಲವೂ ಹೇರಳವಾಗಿ ಬಂದಿದ್ದವು. ಪೂಜೆ ಮುಗಿದ ಮೇಲೆ ನಿರ್ಮಾಲ್ಯವನ್ನು ಬುಟ್ಟಿಯಲ್ಲಿ ತುಂಬಿ, ಸಂಜೆ ಗಿಡದ ಬುಡಕ್ಕೆ ಹಾಕಿದರಾಯಿತೆಂದು ಅಂಗಳದ ಕಟ್ಟೆಯ ಕೆಳಗೆ ಇಟ್ಟೆವು. ಮಧ್ಯಾಹ್ನ ಮೊಲಗಳನ್ನು ಗೂಡಿನಿಂದ ಬಿಟ್ಟಾಗ ಅವು ನೇರವಾಗಿ ಬುಟ್ಟಿಗೆ ಬಾಯಿ ಹಾಕಿದವು. ಮೊಮ್ಮಗಳು ತಡೆಯಲು ಹೋದಳು. "ಬಿಡು ತಂಗಿ, ಪ್ರಸಾದ ತಿನ್ನಲಿ" ಎಂದವರು ನಾವೇ. ಕಣಗಿಲೆಯ ಟೊಂಗೆಯೊಡನೆ ಬಂದ ಎಲೆಗಳೂ ಆ ಬುಟ್ಟಿಯಲ್ಲಿದ್ದವು. ಸಂಜೆಯ ಹೊತ್ತಿಗೆ ಒಂದು ಮೊಲ ಮೂಲೆ ಸೇರಿತು, ನಡುಗಿತು, ರಾತ್ರಿ ತಣ್ಣಗಾಯಿತು. ಮರುದಿನ ಬಂದ ಪಶುವೈದ್ಯರು ಕಚ್ಚಿ ಬಿಟ್ಟ ಎಲೆಯನ್ನು ಎತ್ತಿ ನೋಡಿ, "ಇದು ಸಾಕಲ್ಲ ಸ್ವಾಮಿ" ಎಂದರು. ಎರಡನೆಯದು ಬಿಲ್ವದ ಎಲೆಗಷ್ಟೇ ಬಾಯಿ ಹಾಕಿತ್ತೋ ಏನೋ, ಉಳಿಯಿತು.

ಕಣಗಿಲೆಯ ಬೇರು, ತೊಗಟೆ, ಎಲೆ, ಹೂ ಎಲ್ಲವೂ ವಿಷಯುಕ್ತ; ಒಣಗಿದರೂ ವಿಷ ಹೋಗುವುದಿಲ್ಲ. ಅದು ನೇರವಾಗಿ ಹೃದಯದ ಬಡಿತವನ್ನು ಕೆಡಿಸುವಂಥದು. ಹಳದಿ ಕಣಗಿಲೆಯೂ ಹಾಗೆಯೇ, ಎಕ್ಕೆಯ ಹಾಲೂ ಅದೇ ಜಾತಿಯ ವಿಷ. ಈ ಸಂಗತಿಯನ್ನು ನಾವು ಅರಿಯದವರಲ್ಲ. ಮಠದಲ್ಲಿ ಓದುವ ಕಾಲದಲ್ಲಿ ನಿಘಂಟುಗಳ ವನೌಷಧಿ ವರ್ಗವನ್ನು ಬಾಯಿಪಾಠ ಮಾಡಿದ್ದೆವು. ಕರವೀರವೆಂದರೆ ಕಣಗಿಲೆ, ಅರ್ಕವೆಂದರೆ ಎಕ್ಕೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು. ಆದರೆ ಪೂಜೆಗೆ ಒಪ್ಪುವುದು ಹೊಟ್ಟೆಗೂ ಒಪ್ಪುತ್ತದೆಂದು ಆ ಕ್ಷಣದಲ್ಲಿ ಬಗೆದೆವು. ಓದಿದ ಹೆಸರು ಕಣ್ಣಿಗೆ ಕಾಣುವ ಎಲೆಯಾಗಲಿಲ್ಲ.

ಅಳುತ್ತಿದ್ದ ಮಗುವನ್ನು ಸಮಾಧಾನಪಡಿಸಲು ಬಂದವರು ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು. ಎಪ್ಪತ್ತು ದಾಟಿದವರು, ಅಕ್ಷರ ಬಾರದವರು. ಆಯುಷ್ಯದ ಹೆಚ್ಚಿನ ಭಾಗವನ್ನು ಕಂಡವರ ಹೊಲದಲ್ಲಿ ಸದೆ ಕಳೆಯುವ ಕಾಯಕದಲ್ಲಿ ಸವೆಸಿದವರು. ಅವರು ನಮ್ಮನ್ನು ಬೈಯಲಿಲ್ಲ. "ಕಣಗಲಾ ಆಡು ಭಿ ಮುಟ್ಟಲ್ರಿ ಶಾಸ್ತ್ರಿಗಳೆ. ಈ ಮೂಕ ಜೀವಕ್ಕ ಏನ್ ಗೊತ್ತಾಗ್ತದ್ರಿ? ನಾಳಿ ಮುಂಜಾನಿ ಕೂಸಿಗಿ ನನ್ ಸಂಗಟ ಕಳಸ್ರಿ" ಎಂದಷ್ಟೇ ಹೇಳಿ ಹೋದರು. ಮರುದಿನ ಮಗುವಿನೊಡನೆ ನಾವೂ ಹೊರಟೆವು.

ಬದುವಿಗೆ ಹೋಗುವ ಮೊದಲು ಮೊಲದ ಹೊಟ್ಟೆಯ ಮಾತನ್ನು ಸ್ವಲ್ಪ ಹೇಳಬೇಕು. ಅದನ್ನು ತಿಳಿಯದೆ ಮೇವು ತಿಳಿಯುವುದಿಲ್ಲ. ಮೊಲದ ಹಲ್ಲು ಆಯುಷ್ಯದುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ. ಒರಟು ಹುಲ್ಲನ್ನು ದಿನವಿಡೀ ಅಗಿದಾಗ ಮಾತ್ರ ಸವೆದು ಸಮನಾಗುತ್ತದೆ. ಅದು ದನದಂತೆ ಮೆಲುಕು ಹಾಕದು. ಬದಲಾಗಿ, ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲದಲ್ಲಿ ಮೇವು ಹುದುಗಿ, ಮೆತ್ತನೆಯ ಗೊಂಚಲು ಹಿಕ್ಕೆಯಾಗಿ ಹೊರಬಂದಾಗ ಅದನ್ನು ಮತ್ತೆ ತಿನ್ನುತ್ತದೆ. ಮೊದಲ ಸಲ ಕಂಡವರು ಅಸಹ್ಯಪಡುವುದುಂಟು, ನಮ್ಮ ಮನೆಯವರೂ ಪಟ್ಟರು. ಆದರೆ ಅದರ ಬಲವೇ ಅದರಲ್ಲಿದೆ. ಮುಖ್ಯವಾದ ಇನ್ನೊಂದು ಮಾತು: ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದ ವಿಷವನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಕುಳಿತ ಮೊಲವನ್ನು ನಾಳೆ ನೋಡಿದರಾಯಿತೆಂದು ಬಿಡಬಾರದು. ಕೂಡಲೇ ವೈದ್ಯರಿಗೆ ತೋರಿಸಬೇಕು. ನಮ್ಮ ಜಿಲ್ಲೆಗೆ ಒಂದು ಅನುಕೂಲವಿದೆ: ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ 2005ರಿಂದ ಬೀದರಿನ ನಂದಿನಗರದಲ್ಲಿಯೇ ಇದೆ.

ಇನ್ನು ಬದುವಿನ ಪಾಠ. ಆ ತಾಯಿ ನಮಗೆ ಮೊದಲು ತೋರಿಸಿದ್ದು ಗಿಡವನ್ನಲ್ಲ, ಬಣ್ಣವನ್ನು. ಒಂದು ಹೊಲದ ಅಂಚಿನಲ್ಲಿ ಹುಲ್ಲು ಅಕಾಲದಲ್ಲಿ ಹಳದಿ ತಿರುಗಿ ಬಾಗಿತ್ತು. "ಇಲ್ಲಿ ಎಣ್ಣಿ ಹೊಡ್ದಾರ, ಇದು ಬ್ಯಾಡ" ಎಂದು ಮುಂದೆ ನಡೆದರು. ನಮ್ಮ ಕಡೆ ಔಷಧಿಗೆಲ್ಲ ಎಣ್ಣೆಯೆಂದೇ ಹೆಸರು; ಕೀಟಕ್ಕೆ ಹೊಡೆಯುವುದೂ ಎಣ್ಣೆಯೇ, ಕಳೆ ಸುಡಲು ಹೊಡೆಯುವ ಗ್ಲೈಫೋಸೇಟೂ ಎಣ್ಣೆಯೇ. ಹಳದಿಯಾದ ಮೇಲೆ ಗುರುತಿಸಬಹುದು. ಹೊಡೆದ ದಿನವೇ ಹೋದರೆ ಹುಲ್ಲು ಹಸುರಾಗಿಯೇ ಇರುತ್ತದೆ, ಕಣ್ಣು ಮೋಸಹೋಗುತ್ತದೆ. ಆದಕಾರಣ ತೊಗರಿ, ಸೋಯಾ, ಉದ್ದು, ಹೆಸರು ನಿಂತ ಹೊಲಗಳ ಅಂಚಿನಲ್ಲಿ ಹೊಲದವರನ್ನು ಕೇಳದೆ ಒಂದು ಎಸಳನ್ನೂ ಕೀಳಬಾರದು ಎಂಬುದು ಆಕೆಯ ನಿಯಮ. ಕೇಳುವುದು ಸಂಕೋಚದ ಮಾತಲ್ಲ. ಇನ್ನೊಬ್ಬರ ಬದುವಿನಲ್ಲಿ ಕೈಯಿಡುವಾಗ ಕೇಳುವುದೇ ಮರ್ಯಾದೆ. ಹೆದ್ದಾರಿಯ ಪಕ್ಕದ ಹುಲ್ಲನ್ನೂ ಆಕೆ ಬಿಟ್ಟರು, ಧೂಳು ಹೊಗೆಗಳ ದೆಸೆಯಿಂದ.

ಕರಿಕೆ ಎಲ್ಲಕ್ಕಿಂತ ಮೊದಲು. ಗಣಪನಿಗೆ ಏರಿಸುವ ಗರಿಕೆಯೇ ಅದು. ವರ್ಷವಿಡೀ ತೇವವಿರುವ ಕಡೆ ಸಿಗುತ್ತದೆ, ಮೊಲಕ್ಕೆ ಅದು ಅನ್ನವಿದ್ದಂತೆ. ಅನಂತರ ಹಕ್ಕರಿಕೆ. ಜೋಳದ ರೊಟ್ಟಿಯೊಡನೆ ಹಸಿಯದನ್ನೇ ನಾವು ತಿನ್ನುವ ಈ ಹಾಲುಸೊಪ್ಪನ್ನು ಮೊಲ ಎಷ್ಟು ಪ್ರೀತಿಯಿಂದ ತಿನ್ನುತ್ತದೆಂದರೆ, ಮನುಷ್ಯನಿಗೂ ಮೊಲಕ್ಕೂ ಒಂದೇ ಬುತ್ತಿ ಸಾಗುವುದೇನೋ ಎನಿಸುತ್ತದೆ. ಎಳ್ಳಮವಾಸ್ಯೆಯ ಭಜ್ಜಿಗೆ ನಮ್ಮ ತಾಯಂದಿರು ಹೊಲದಿಂದ ಹೊಲಕ್ಕೆ ಹೋಗಿ ಉಡಿ ತುಂಬ ಪಲ್ಲೆ ಆಯುತ್ತಿದ್ದುದನ್ನು ಬಲ್ಲ ಹಿರಿಯರು ನಮ್ಮ ಓದುಗರಲ್ಲಿ ಹಲವರು ಇದ್ದಾರೆ. ಆ ಆಯುವ ಕೈಯೇ ಈ ವಿದ್ಯೆಯ ಪಾಠಶಾಲೆ. ಇಂದು ಭಜ್ಜಿಯ ಸೊಪ್ಪೂ ಸಂತೆಯಿಂದ ಕಟ್ಟಿನಲ್ಲಿ ಬರುತ್ತದೆ; ಕಟ್ಟಿನಲ್ಲಿ ಬಂದದ್ದರ ಬೇರು ಯಾವುದು, ನೆಲ ಯಾವುದು ಎಂದು ಸೊಸೆಯಂದಿರಿಗೆ ತಿಳಿಯುವ ಬಗೆ ಹೇಗೆ?

ಬೇಸಿಗೆಯಲ್ಲಿ ಬದು ಬರಿದಾದಾಗ ಮರಗಳು ಕೈಹಿಡಿಯುತ್ತವೆ. ನುಗ್ಗೆಯ ಸೊಪ್ಪು ಉತ್ತಮ. ಹಿಪ್ಪುನೇರಳೆಯ ಎಲೆ ರೇಷ್ಮೆ ಹುಳಕ್ಕೆ ಮಾತ್ರವಲ್ಲ, ಮೊಲಕ್ಕೂ ಹಿತ. ಬಾರಿಯ ಎಲೆಯನ್ನು ಮುಳ್ಳು ಬಿಡಿಸಿ ಕೊಡಬಹುದು. ಬೇವನ್ನು ಒಂದೆರಡು ಕಡ್ಡಿ, ಹೆಚ್ಚಲ್ಲ. ಸುಬಾಬುಲ್ ಎಲೆಯ ವಿಷಯದಲ್ಲಿ ನಮಗೂ ಆ ತಾಯಿಗೂ ಸ್ವಲ್ಪ ವಾದವಾಯಿತು. ಆಡುಗಳು ಅದನ್ನು ಮುಗಿಬಿದ್ದು ತಿನ್ನುತ್ತವೆ, ಆದ್ದರಿಂದ ತಪ್ಪಿಲ್ಲವೆಂದು ಆಕೆಯ ಮತ. ಆದರೆ ಅದರಲ್ಲಿ ಮಿಮೋಸಿನ್ ಎಂಬ ವಸ್ತುವಿದ್ದು, ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯಬಲ್ಲವು. ಮೊಲಕ್ಕೆ ಆ ಸೌಕರ್ಯವಿಲ್ಲ, ಹೆಚ್ಚಾದರೆ ಕೂದಲು ಉದುರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಮೊಲಕ್ಕೆ ಅನ್ವಯಿಸಲಾಗದು. ಇಷ್ಟೊಂದು ವಿಷಯದಲ್ಲಿ ಆಕೆಗೆ ನಾವು ಏನನ್ನಾದರೂ ಕಲಿಸಿದೆವೆಂದು ಹೆಮ್ಮೆಪಟ್ಟೆವು. ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಮೊಮ್ಮಗಳು ಗ್ರಂಥಾಲಯದಿಂದ ತಂದ ಒಂದು ಕೈಪಿಡಿಯಲ್ಲಿ ಮೊಲಕ್ಕೆ ಅಗಸೆಯ ಎಲೆ ಒಳ್ಳೆಯದೆಂದು ಬರೆದಿತ್ತು. ನಾವು ನೇರ ಹೊಲಕ್ಕೆ ಕೈಮಾಡಿ, ಅಲ್ಲಿ ನೀಲಿ ಹೂ ಬಿಟ್ಟ ಅಗಸಿಯನ್ನು ಕೀಳಲು ಹೇಳಿದೆವು. ಆ ತಾಯಿ ಮಗುವಿನ ಕೈ ಹಿಡಿದು ನಿಲ್ಲಿಸಿದರು. ಕೈಪಿಡಿ ಬರೆದವರು ದಕ್ಷಿಣದವರು; ಅವರ ಅಗಸೆ ಬಿಳಿಯ ದೊಡ್ಡ ಹೂವಿನ ಮರ, ನಮ್ಮ ಉತ್ತರದ ಕಡೆ ಚೊಗಚಿ ಎನ್ನುವುದು. ನಮ್ಮ ಅಗಸಿಯಾದರೋ ಎಣ್ಣೆಕಾಳಿನ ಗಿಡ; ಅದರ ಹಸಿ ಗಿಡದಲ್ಲಿ ಸೈನೈಡ್ ಹುಟ್ಟಿಸುವ ಅಂಶವುಂಟು. ಒಂದೇ ಕನ್ನಡ, ಒಂದೇ ಹೆಸರು, ಒಂದು ಮೇವು, ಮತ್ತೊಂದು ವಿಷ! ನಿಘಂಟನ್ನು ಬಾಯಿಪಾಠ ಮಾಡಿದ ನಾವು ಎರಡನೆಯ ಮೊಲವನ್ನೂ ಕಳೆದುಕೊಳ್ಳುವವರಿದ್ದೆವು.

ಅದೇ ಸೈನೈಡ್ ಎಳೆಯ ಜೋಳದಲ್ಲಿಯೂ ಇದೆ. ಮಳೆ ಕೈಕೊಟ್ಟು ಬಾಡಿದ ಎಳೆ ಪೈರು, ಕೊಯ್ದ ಮೇಲೆ ಬರುವ ಕುಳೆಯ ಚಿಗುರು, ಇವನ್ನು ಮೇಯ್ದ ದನ ಸತ್ತುದನ್ನು ಒಕ್ಕಲು ಮನೆಯವರು ಬಲ್ಲರು. ಬಲಿತು ಒಣಗಿದ ಕಣಿಕೆಯ ಎಲೆಗೆ ಆ ಭಯವಿಲ್ಲ. ಕಾಂಗ್ರೆಸ್ ಕಸ, ಅಂದರೆ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಾಣಿಸಿಕೊಂಡು ನಾಡನ್ನೆಲ್ಲ ಮುಸುಕಿದ ಪಾರ್ಥೇನಿಯಂ, ಔಡಲ, ದತ್ತೂರಿ, ಲಂಟಾನ, ಬದನೆ ಆಲೂಗಡ್ಡೆಗಳ ಗಿಡದೆಲೆ, ಉಳ್ಳಾಗಡ್ಡಿಯ ತಪ್ಪಲು, ಇವು ಯಾವುವೂ ಗೂಡಿನ ಹತ್ತಿರ ಸುಳಿಯಬಾರದು. ಕಾಡಿನ ಪ್ರಾಣಿ ವಿಷವನ್ನು ಮೂಸಿ ಬಿಡುತ್ತದೆಂಬ ನಂಬಿಕೆಯಿಂದ ಗೂಡಿನಲ್ಲಿ ಹುಟ್ಟಿ ಗೂಡಿನಲ್ಲಿ ಬೆಳೆದ ಮೊಲವನ್ನು ಅಳೆಯುವಂತಿಲ್ಲ.

ಮನೆಗೆ ಬಂದವರು ಮೊಲಕ್ಕೆ ಬಿಸ್ಕತ್ತು, ಪೇಡೆ, ಹೋಳಿಗೆಯ ತುಂಡು ನೀಡುವುದೂ ಒಂದು ಉಪದ್ರವ. ಗಜ್ಜರಿಯೇ ಮೊಲದ ಆಹಾರವೆಂಬುದು ಚಿತ್ರದ ಪುಸ್ತಕಗಳ ಮಾತು. ಅದರಲ್ಲಿ ಸಕ್ಕರೆ ಹೆಚ್ಚು, ಒಂದು ಸಣ್ಣ ತುಂಡು ಸಾಕು. ಮೊಲದ ಊಟದ ಬಹುಪಾಲು ಒಣ ಹುಲ್ಲೇ ಆಗಿರಬೇಕು. ಹೊಸ ಸೊಪ್ಪನ್ನು ದಿನಕ್ಕೊಂದರಂತೆ ಸ್ವಲ್ಪ ಸ್ವಲ್ಪ ಕೊಟ್ಟು, ಹಿಕ್ಕೆ ಗಟ್ಟಿಯಾಗಿದೆಯೇ ಎಂದು ಮರುದಿನ ನೋಡಬೇಕು. ಹಸಿ ಸೊಪ್ಪನ್ನು ರಾಶಿ ಹಾಕಿಟ್ಟರೆ ಒಳಗೆ ಕಾವು ಹುಟ್ಟಿ ಕೆಡುತ್ತದೆ, ತಿಂದ ಮೊಲದ ಹೊಟ್ಟೆ ಉಬ್ಬುತ್ತದೆ. ಅಂದಿನದನ್ನು ಅಂದೇ ತರಬೇಕು. ಆಯ್ದಕ್ಕಿ ಮಾರಯ್ಯನವರು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮತಾಯಿ ಅದನ್ನು ಮರಳಿ ಸುರಿದು ಬರಲು ಕಳುಹಿದ ಕಥೆಯನ್ನು ಕಲ್ಯಾಣದ ನೆರೆಯವರಾದ ನಮಗೆ ಬಿಡಿಸಿ ಹೇಳಬೇಕಿಲ್ಲ. ಮೊಮ್ಮಗಳು ಉಡಿ ತುಂಬಿ ತುಳುಕುವಷ್ಟು ಕಿತ್ತಾಗಲೆಲ್ಲ ಆ ಕಥೆ ನಮಗೆ ಒದಗಿ ಬರುತ್ತದೆ.

ಒಂದು ಎಚ್ಚರಿಕೆಯನ್ನು ಬಿಡಲಾಗದು. ತೊಗರಿ ಕೊಯ್ಲಿನಲ್ಲಿ ಬೂದುಕಂದು ಬಣ್ಣದ ಮೊಲದ ಮರಿ ಸಿಕ್ಕಿತೆಂದು ಮಕ್ಕಳು ಮನೆಗೆ ತರುವುದುಂಟು. ಅದು ಸಾಕುಮೊಲವಲ್ಲ. ಸಾಕುಮೊಲದ ಮೂಲ ಯುರೋಪು; ಅದರ ಮರಿ ಕಣ್ಣು ತೆರೆಯದೆ, ಕೂದಲಿಲ್ಲದೆ ಹುಟ್ಟುತ್ತದೆ. ನಮ್ಮ ಹೊಲದ ಮೊಲವಾದರೋ ಹುಟ್ಟುವಾಗಲೇ ಕಣ್ಣು ತೆರೆದು, ಕೂದಲು ಹೊದ್ದು ಬರುವ ಬೇರೆ ಜಾತಿ. ಹಗಲಿನಲ್ಲಿ ತಾಯಿ ಮರಿಯನ್ನು ಒಂಟಿಯಾಗಿ ಬಿಟ್ಟು ಕತ್ತಲಾದ ಮೇಲೆ ಬಂದು ಹಾಲೂಡಿಸುವುದು ಅದರ ರೂಢಿ, ಮರಿ ಅನಾಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಇದ್ದಲ್ಲಿಯೇ ಬಿಟ್ಟು, ಕುಡುಗೋಲು ತಾಗದಂತೆ ಆ ಸಾಲನ್ನು ಕೊನೆಗೆ ಕೊಯ್ಯುವುದು ಒಕ್ಕಲಿಗರು ತೋರಬಹುದಾದ ಕರುಣೆ.

ನಮ್ಮ ಮನೆಯಲ್ಲಿ ಈಗ ಪೂಜೆಯ ನಿರ್ಮಾಲ್ಯ ಬುಟ್ಟಿಯಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹಿತ್ತಲಿನಲ್ಲಿ ಮುಳ್ಳುಬೇಲಿ ಕಟ್ಟಿದ ಒಂದು ಗುಂಡಿಯಿದೆ, ಕೂಡಲೇ ಅಲ್ಲಿಗೆ ಹೋಗುತ್ತದೆ. ಕಣಗಿಲೆಯನ್ನು ಪೂಜೆಯಿಂದ ಬಿಟ್ಟಿಲ್ಲ, ಹೂವಿನ ತಪ್ಪೇನು? ಉಳಿದ ಮೊಲಕ್ಕೆ ಜೊತೆಯೊಂದನ್ನು ತಂದುಕೊಡಿರೆಂದು ಮೊಮ್ಮಗಳು ಕೇಳಿದಾಗ, ಒಂದು ವರ್ಷದ ಋತುಗಳೆಲ್ಲವನ್ನೂ ಬದುವಿನಲ್ಲಿ ಕಂಡ ಮೇಲೆ ನೋಡೋಣವೆಂದು ಹೇಳಿದ್ದೇವೆ. ಸಂಜೆ ಅವಳೂ ಆ ತಾಯಿಯೂ ಹೊರಡುತ್ತಾರೆ, ಹಿಂದಿನಿಂದ ನಾವೂ ಒಂದು ಚೀಲ ಹಿಡಿದು ಹೋಗುತ್ತೇವೆ. ಮೊನ್ನೆ ನಾವೊಬ್ಬರೇ ಆಯ್ದು ತಂದ ಸೊಪ್ಪನ್ನು ಆ ತಾಯಿ ಕಟ್ಟೆಯ ಮೇಲೆ ಸುರುವಿ, ಒಂದೊಂದೇ ಎಸಳನ್ನು ಬೆರಳಲ್ಲಿ ಸರಿಸಿ ನೋಡಿ, ಎರಡನ್ನು ತೆಗೆದು ಬದಿಗಿಟ್ಟರು. ಅವುಗಳ ಹೆಸರನ್ನು ಆಕೆ ಹೇಳಿದರು. ಎಲೆಯ ಗುರುತು ಮಾತ್ರ ನಮಗಿನ್ನೂ ನೆಲೆಗೊಂಡಿಲ್ಲ.