ಬಚ್ಚಲುಮನೆಯ ಬಿಸಿನೀರು

ಬೆಂಗಳೂರಿನ ಗೃಹಿಣಿಯೊಬ್ಬರು ನಮಗೆ ಬರೆದಿರುವ ಕಾಗದದ ಸಾರಾಂಶವಿದು. ಅವರ ಮನೆಯ ಮಾಳಿಗೆಯ ಮೇಲೆ ಹದಿನೈದು ವರ್ಷಗಳಿಂದ ಒಂದು ಸೋಲಾರ್ ಹೀಟರು ಇರುವುದು. ಈಚೆಗೆ ಅದರಲ್ಲಿ ನೀರು ಮೊದಲಿನಂತೆ ಕಾಯುತ್ತಿಲ್ಲ. ಅದನ್ನು ಕಿತ್ತು ಗುಜರಿಗೆ ಹಾಕಿ ವಿದ್ಯುತ್ತಿನ ಗೀಸರನ್ನು ಇಡಿಸೋಣವೆಂದು ಮಗನ ಹಟ. "ಕರೆಂಟು ಹೇಗೂ ಪುಕ್ಕಟೆ, ಅದೂ ಈಗ ಸೂರ್ಯನಿಂದಲೇ ಬರುತ್ತದೆ, ಎರಡೂ ಒಂದೇ" ಎಂಬುದು ಅವನ ವಾದ. ಮನೆಯ ಯಜಮಾನರು ಯಾವ ಪಕ್ಷವನ್ನೂ ಹಿಡಿದಿಲ್ಲ. ಮಲೆನಾಡಿನ ಊರಿನಲ್ಲಿರುವ ಅತ್ತೆಯವರು ಮಾತ್ರ ಹಂಡೆಯ ನೀರಿನ ಸುಖ ಇವೆರಡರಲ್ಲಿಯೂ ಇಲ್ಲವೆಂದು ಹೇಳಿ ಕಳುಹಿಸಿದ್ದಾರೆ. ಈ ಮೂವರಲ್ಲಿ ಯಾರ ಮಾತು ಸರಿಯೆಂದು ಈ ಸೋದರಿಯರು ಕೇಳಿದ್ದಾರೆ.

ಪರಿಸರ ವಿಜ್ಞಾನದ ವ್ಯಾಸಂಗದಲ್ಲಿ ಕಾಲ ಕಳೆಯುವ ನಮ್ಮಂಥವರು ಜಗತ್ತಿನ ಹವೆ, ಹಿಮ, ಸಾಗರಗಳ ವಿಚಾರವನ್ನು ಮಾತನಾಡುವುದೇ ಹೆಚ್ಚು. ಆದರೆ ನಿರ್ಮಲವಾದ ಶಕ್ತಿಯ ಪ್ರಶ್ನೆಯು ನಮ್ಮ ನಾಡಿನಲ್ಲಿ ಮೊದಲು ಎದುರಾಗುವುದು ಬಚ್ಚಲುಮನೆಯಲ್ಲಿಯೇ ಎಂದರೆ ಅತಿಶಯವಲ್ಲ. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ನೀರು ಬಹು ಹಟಮಾರಿಯಾದ ವಸ್ತು. ಸುಲಭವಾಗಿ ಬಿಸಿಯಾಗುವುದಿಲ್ಲ, ಬಿಸಿಯಾದ ಮೇಲೆ ಸುಲಭವಾಗಿ ಆರುವುದೂ ಇಲ್ಲ. 20 ಲೀಟರು ಹಿಡಿಯುವ ಒಂದು ಬಕೆಟ್ಟು ನೀರನ್ನು 22 ಡಿಗ್ರಿಯಿಂದ ಮೈಗೆ ಹಿತವಾಗುವ 42 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ 400 ಕಿಲೊಕ್ಯಾಲರಿ. ವಿದ್ಯುತ್ತಿನ ಲೆಕ್ಕದಲ್ಲಿ ಇದು ಅರ್ಧ ಯುನಿಟ್ಟಿಗೆ ಸ್ವಲ್ಪ ಕಡಿಮೆ. ಇಷ್ಟು ವಿದ್ಯುತ್ತಿನಿಂದ 9 ವಾಟಿನ ಎಲ್‌ಇಡಿ ದೀಪವೊಂದನ್ನು ಎರಡು ದಿನ ಹಗಲಿರುಳೆನ್ನದೆ ಉರಿಸಬಹುದು! ದೀಪ ಆರಿಸಲಿಲ್ಲವೆಂದು ಮಕ್ಕಳನ್ನು ಗದರಿಸುವ ಹಿರಿಯರು ಸ್ನಾನಕ್ಕೆ ಎರಡನೆಯ ಬಕೆಟ್ಟು ತುಂಬಿಕೊಳ್ಳುವಾಗ ಇದನ್ನು ನೆನೆಯುವುದುಂಟೆ? ನಾಲ್ಕು ಮಂದಿಯ ಸಂಸಾರಕ್ಕೆ ತಿಂಗಳಿಗೆ ಸುಮಾರು 55 ಯುನಿಟ್ಟು ಸ್ನಾನಕ್ಕೇ ಬೇಕಾಗುತ್ತದೆ. ಗೀಸರನ್ನು ಆರಿಸದೆ ಬಿಟ್ಟು ಕಳೆದುಕೊಳ್ಳುವ ಶಾಖ ಇದರಲ್ಲಿ ಸೇರಿಲ್ಲ.

ಈಗ ಮಗನ ವಾದವನ್ನು ನೋಡೋಣ. ಪುಕ್ಕಟೆಯ ಮಾತು ಅರ್ಧ ಮಾತ್ರ ನಿಜ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಪ್ರತಿ ಮನೆಯೂ ಅದಕ್ಕೆ ಹಿಂದಿನ 2022–23ನೆಯ ಸಾಲಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ ಹತ್ತನ್ನು ಸೇರಿಸಿ, 200 ಯುನಿಟ್ಟಿನ ಮಿತಿಯೊಳಗೆ ಆ ಮನೆಯ ಪಾಲನ್ನು ಗೊತ್ತುಮಾಡಲಾಯಿತು. ಆ ಪಾಲು ಮೀರಿದರೆ ಮೀರಿದಷ್ಟಕ್ಕೆ ಹಣ. 200 ದಾಟಿದರೆ ಬಿಲ್ಲು ಪೂರ್ತಿ. ಸೋಲಾರಿನ ದೆಸೆಯಿಂದ 110 ಯುನಿಟ್ಟಿನಲ್ಲಿ ಸಂಸಾರ ನಡೆಸುತ್ತಿದ್ದ ಮನೆಗೆ 121 ಸಿಕ್ಕಿತೆನ್ನೋಣ. ಗೀಸರಿನ 55 ಕೂಡಿದರೆ 165. ಹೆಚ್ಚಾದ 44 ಯುನಿಟ್ಟಿಗೆ ದುಡ್ಡು ತೆರಬೇಕು. ಮಿತವ್ಯಯ ಮಾಡಿದ ಮನೆಗೆ ಚಿಕ್ಕ ಪಾಲು, ಧಾರಾಳವಾಗಿ ಖರ್ಚು ಮಾಡಿದ ಮನೆಗೆ ದೊಡ್ಡ ಪಾಲು ಸಿಕ್ಕುವುದು ನ್ಯಾಯವೇ ಎಂದು ಕೇಳಬಹುದು. ನಮಗೂ ಅದು ಸರಿಕಾಣದು. ಅದು ಬೇರೆ ವಿಷಯ.

ಹುಡುಗನ ಎರಡನೆಯ ಮಾತು ಇದಕ್ಕಿಂತ ವಿಚಾರಾರ್ಹವಾದುದು. ಸೂರ್ಯನಿಂದ ವಿದ್ಯುತ್ತನ್ನು ತೆಗೆಯುವುದರಲ್ಲಿ ಕರ್ನಾಟಕವು ಹಿಂದುಳಿದಿಲ್ಲ. ತುಮಕೂರು ಜಿಲ್ಲೆಯ ಪಾವಗಡದ ಬರಡು ಸೀಮೆಯಲ್ಲಿ ರೈತರ ಭೂಮಿಯನ್ನು ಕ್ರಯಕ್ಕೆ ಪಡೆಯದೆ ಗುತ್ತಿಗೆಗೆ ಹಿಡಿದು ಸ್ಥಾಪಿಸಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಆದರೆ ಆ ಫಲಕಗಳು ಹೆಚ್ಚಿನ ವಿದ್ಯುತ್ತನ್ನು ಕೊಡುವುದು ನಡುಹಗಲಿನಲ್ಲಿ. ನಮ್ಮ ಮನೆಗಳಲ್ಲಿ ಗೀಸರು ಹಚ್ಚುವುದು ಯಾವಾಗ? ಬೆಳಗಿನ ಆರು ಗಂಟೆಗೆ. ಪುಷ್ಯಮಾಸದಲ್ಲಿ ಆ ಹೊತ್ತಿಗೆ ಸೂರ್ಯನೇ ಎದ್ದಿರುವುದಿಲ್ಲ. ಊರಿನ ಸಹಸ್ರಾರು ಮನೆಗಳಲ್ಲಿ ಒಂದೇ ಸಮನೆ ಗುಂಡಿ ಒತ್ತಿದಾಗ ಆ ಹೊರೆಯನ್ನು ಹೊರುವುದು ಶರಾವತಿಯ ನೀರು, ಕೈಗಾದ ಅಣುಶಕ್ತಿ, ರಾಯಚೂರು ಬಳ್ಳಾರಿಗಳ ಕಲ್ಲಿದ್ದಲು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯವೇ 1,720 ಮೆಗಾವಾಟ್. ಮಳೆಗಾಲವಾದರೆ ಗಾಳಿಯಂತ್ರಗಳೂ ಕೈಗೂಡಿಸುವುವು. ನೀರಿನ ವಿದ್ಯುತ್ತಿಗೆ ಹೊಗೆಯಿಲ್ಲ, ನಿಜ; ಆದರೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಎಷ್ಟು ಹಳ್ಳಿಗಳು, ಎಷ್ಟು ತೋಟಗದ್ದೆಗಳು ಮುಳುಗಿದುವೆಂಬುದನ್ನು ಸಾಗರ ಹೊಸನಗರಗಳ ಕಡೆಯವರು ಮರೆತಿಲ್ಲ. ಹೀಗಿರಲು ಮುಂಜಾನೆಯ ಯುನಿಟ್ಟನ್ನೂ ಮಧ್ಯಾಹ್ನದ ಯುನಿಟ್ಟನ್ನೂ ಒಂದೇ ಎನ್ನಲಾಗದು.

ಮಾಳಿಗೆಯ ಮೇಲಿನ ಆ ಹಳೆಯ ತೊಟ್ಟಿಯ ಹೆಚ್ಚಳ ಇರುವುದು ಇಲ್ಲಿ. ಅದು ನೆನ್ನೆಯ ಬಿಸಿಲನ್ನು ಇಂದಿನ ಮುಂಜಾವಕ್ಕೆ ಕೂಡಿಟ್ಟಿರುತ್ತದೆ. ಅದರ ಕೆಲಸವನ್ನು ನೋಡಿದರೆ ಆಶ್ಚರ್ಯವಾಗುವಷ್ಟು ಸರಳ. ಗಾಜು ಹೊದಿಸಿದ ಪೆಟ್ಟಿಗೆಯೊಳಗೆ ಕಪ್ಪು ಬಳಿದ ಲೋಹದ ತಗಡು. ಅದಕ್ಕೆ ಬೆಸೆದ ತಾಮ್ರದ ಕೊಳವೆಗಳು. ಬಿಸಿಲು ಗಾಜಿನ ಮೂಲಕ ಒಳಗೆ ಹೋಗುತ್ತದೆ. ಕಾದ ತಗಡಿನ ಶಾಖಕ್ಕೆ ಅದೇ ಗಾಜು ಹೊರಗೆ ಹೋಗಲು ಸುಲಭವಾಗಿ ದಾರಿ ಕೊಡದು. ಕೊಳವೆಯ ನೀರು ಕಾದು ಹಗುರವಾಗಿ ಮೇಲಿನ ತೊಟ್ಟಿಗೆ ತಾನಾಗಿಯೇ ಏರುತ್ತದೆ. ತೊಟ್ಟಿಯ ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಹೀಗೆ ದಿನವೆಲ್ಲ ಸುತ್ತಿ 100 ಲೀಟರು ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಬಂದರೆ ಆ ತೊಟ್ಟಿಯಲ್ಲಿ ಸುಮಾರು 4 ಯುನಿಟ್ಟಿನಷ್ಟು ಶಾಖ ಸೇರಿರುತ್ತದೆ. ದಪ್ಪನಾದ ಹೊದಿಕೆಯಿರುವುದರಿಂದ ರಾತ್ರಿಯಲ್ಲಿ ಬಹಳ ಆರುವುದಿಲ್ಲ. ಇದಕ್ಕೆ ಸಮನಾಗಿ ವಿದ್ಯುತ್ತನ್ನು ಕೂಡಿಡಬೇಕಾದರೆ ಎಷ್ಟು ಬೆಲೆಯ ಬ್ಯಾಟರಿ ಬೇಕಾದೀತೆಂದು ಆ ಹುಡುಗನೇ ಅಂಗಡಿಯಲ್ಲಿ ವಿಚಾರಿಸಿ ಬರಲಿ.

ದೋಷಗಳಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಆಷಾಢ ಶ್ರಾವಣಗಳ ಮೋಡ ಹಿಡಿದರೆ ನೀರು ಉಗುರು ಬೆಚ್ಚಗೂ ಆಗದ ದಿನಗಳುಂಟು. ಅಂದಿಗೆ ಸ್ವಲ್ಪ ವಿದ್ಯುತ್ತಿನ ನೆರವು ಬೇಕೇ ಬೇಕು. ಹೆಚ್ಚಿನ ಮನೆಗಳಲ್ಲಿ ಉಪಕರಣವನ್ನು ಹಾಳುಮಾಡುವುದು ಕೊಳವೆ ಬಾವಿಯ ಗಡಸು ನೀರು. ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದಂಶವು ಕೊಳವೆಯ ಒಳಮೈಗೆ ಹತ್ತಿಕೊಂಡು, ವರ್ಷ ಕಳೆದಂತೆ ದಾರಿಯನ್ನು ಕಟ್ಟಿಬಿಡುತ್ತದೆ; ನೀರು ಸುತ್ತುವುದು ನಿಲ್ಲುತ್ತದೆ; ಬಿಸಿಲು ಸುರಿಯುತ್ತಿದ್ದರೂ ತೊಟ್ಟಿ ತಣ್ಣಗಿರುತ್ತದೆ. ಈ ಸೋದರಿಯರ ಮನೆಯಲ್ಲಿ ಆಗಿರುವುದೂ ಪ್ರಾಯಶಃ ಇದೇ. ಬಲ್ಲ ಕೆಲಸಗಾರನನ್ನು ಕರೆಸಿ, ಹದವಾದ ಆಮ್ಲದಿಂದ ಕೊಳವೆಗಳನ್ನು ತೊಳೆಯಿಸಿ, ಮೊದಲ ನೀರನ್ನೆಲ್ಲ ಹೊರಗೆ ಬಿಡಿಸಬೇಕು. ತೊಟ್ಟಿ ಸೋರುತ್ತಿದ್ದರೆ ತೊಟ್ಟಿಯನ್ನು ಮಾತ್ರ ಬದಲಾಯಿಸಬಹುದು. ಗಾಜಿನ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒರಸುವುದಕ್ಕೆ ಯಾರ ಸಹಾಯವೂ ಬೇಡ. ನೆರೆಮನೆಯವರು ಹೊಸ ಅಂತಸ್ತು ಎಬ್ಬಿಸಿ ಬಿಸಿಲನ್ನೇ ಮರೆಮಾಡಿದ್ದರೆ ಮಾತ್ರ ನಮ್ಮ ಸಲಹೆ ವ್ಯರ್ಥ. ಬಿಸಿಲಿನ ಹಕ್ಕನ್ನು ಕುರಿತು ಜಗಳವಾಡುವ ಕಾಲ ನಗರಗಳಲ್ಲಿ ಬಂದೇ ಬರುವುದು.

ಮತ್ತೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಳಿಗೆಯಿಂದ ಬಚ್ಚಲಿನವರೆಗೆ ಕೊಳವೆಯಲ್ಲಿ ನಿಂತಿರುವ ತಣ್ಣೀರು ಹರಿದು ಮುಗಿಯುವ ತನಕ ಬಿಸಿನೀರು ಬಾರದು. ಅಷ್ಟು ಹೊತ್ತು ನಲ್ಲಿಯನ್ನು ತೆರೆದು ನಿಲ್ಲುತ್ತಾರೆ. ಬೆಂಗಳೂರಿಗೆ ಕಾವೇರಿಯ ನೀರು ಬರುವುದು ಸುಮಾರು 100 ಕಿಲೊಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ. ಯಂತ್ರಗಳ ನಷ್ಟವನ್ನು ಬಿಟ್ಟು ಎಣಿಸಿದರೂ ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಎತ್ತಲು 1.4 ಯುನಿಟ್ಟು ಬೇಕು. ಮೊದಲು ಬರುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದಿಟ್ಟುಕೊಂಡು, ಆಮೇಲೆ ಕಾದ ನೀರನ್ನು ಅದಕ್ಕೇ ಬೆರಸಿಕೊಂಡರೆ ಆಯಿತು. ಹೇಗೂ ಬೆರಸಿಕೊಳ್ಳಲೇ ಬೇಕಷ್ಟೆ!

ಬಾಡಿಗೆಯ ಮನೆಯಲ್ಲಿರುವವರಿಗೂ, ಹತ್ತು ಅಂತಸ್ತಿನ ಕಟ್ಟಡದಲ್ಲಿ ಒಂದು ಪಾಲಿಗೆ ಒಡೆಯರಾಗಿರುವವರಿಗೂ ಮಾಳಿಗೆಯೇ ಇಲ್ಲ. ಅವರು ಗೀಸರನ್ನು ಬಳಸುವುದು ಅಪರಾಧವೇನೂ ಅಲ್ಲ. ಆದರೆ ಬಿಸಿಲಿರುವಾಗಲೇ, ಹತ್ತು ಗಂಟೆಯ ಮೇಲೆ, ನೀರು ಕಾಯಿಸಿಟ್ಟುಕೊಳ್ಳಬಹುದಾದ ವೃದ್ಧರು, ಮನೆಯಲ್ಲಿಯೇ ಇರುವವರು ಹಾಗೆ ಮಾಡಿದರೆ ಪಾವಗಡದ ವಿದ್ಯುತ್ತು ನಿಜವಾಗಿಯೂ ಅವರ ಬಚ್ಚಲಿಗೆ ಬಂದಂತಾಗುವುದು.

ಇನ್ನು ಅತ್ತೆಯವರ ಮಾತು. ಹಂಡೆಯ ನೀರಿನ ಸುಖವನ್ನು ನಾವು ಬಲ್ಲೆವು; ಅಲ್ಲಗಳೆಯುವ ಧೈರ್ಯ ನಮಗಿಲ್ಲ. ಅಡಕೆಯ ಸಿಪ್ಪೆ, ತೆಂಗಿನ ಗರಿ, ಚಿಪ್ಪು, ತರಗೆಲೆ ಇವೆಲ್ಲ ತೋಟದ ಮನೆಗೆ ದುಡ್ಡಿಲ್ಲದೆ ದೊರೆಯುವ ಉರುವಲು. ಅವುಗಳನ್ನು ಉರಿಸಿದ ಮಾತ್ರಕ್ಕೆ ಪ್ರಕೃತಿಗೆ ದ್ರೋಹವಾಯಿತೆಂದು ಹೇಳುವ ಪಟ್ಟಣದ ಪಂಡಿತರ ಸಂಗಡ ನಾವಿಲ್ಲ. ಆದರೆ ಆ ಹಂಡೆಗೆ ಬೆಂಕಿ ಹಾಕುವವರು ಯಾರೆಂಬುದನ್ನು ಕಾಗದದಲ್ಲಿ ಬರೆದಿಲ್ಲ. ಅತ್ತೆಯವರೇ ಆಗಿರಬಹುದು, ಕಿರಿಯ ಸೊಸೆಯಾಗಿರಬಹುದು, ಕೆಲಸದ ಹೆಂಗಸಾಗಿರಬಹುದು. ಕೋಳಿ ಕೂಗುವ ಮೊದಲು ಎದ್ದು, ಹಸಿಯಾದ ಗರಿಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು, ಮಿಕ್ಕವರು ಏಳುವ ವೇಳೆಗೆ ನೀರು ಕಾಯಿಸಿಟ್ಟು, ತಾನು ಮಾತ್ರ ಕೊನೆಗೆ ಉಳಿದ ನೀರಿನಲ್ಲಿ ಸ್ನಾನ ಮಾಡುವಾಕೆಯನ್ನು ಸುಖದ ವಿಚಾರ ಕೇಳಿದವರುಂಟೆ? ಸೌದೆ, ಬೆರಣಿ, ಇದ್ದಲು, ಸೀಮೆಎಣ್ಣೆಗಳಂಥ ಉರುವಲಿನ ಹೊಗೆಯಿಂದ ಮನೆಯೊಳಗಣ ಗಾಳಿ ಕೆಟ್ಟು 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2016ರಲ್ಲಿ ಉಜ್ವಲ ಯೋಜನೆ ಪ್ರಾರಂಭವಾದ ಮೇಲೆ ಅಡಿಗೆಮನೆಗಳಿಗೆ ಗ್ಯಾಸು ಬಂದಿತು; ಬಚ್ಚಲೊಲೆಯ ಕಡೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ.

ಹಾಗೆ ನೋಡಿದವರು ನಮ್ಮಲ್ಲಿಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಉಪಯೋಗಕ್ಕಾಗಿ "ಅಸ್ತ್ರ" ಎಂಬ ವಿಭಾಗವೊಂದು ಹುಟ್ಟಿತು. ರಸಾಯನಶಾಸ್ತ್ರಜ್ಞರಾದ ಅಮೂಲ್ಯ ರೆಡ್ಡಿಯವರು ಅದರ ಮುಂದಾಳು. ಅಲ್ಲಿಂದ ಹೊರಬಂದ ಅಸ್ತ್ರ ಒಲೆಯನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಅದರ ತತ್ವವು ಗಹನವಾದುದಲ್ಲ: ಬೆಂಕಿಯ ಸುತ್ತ ಗೋಡೆ, ಅಡಿಯಲ್ಲಿ ಗಾಳಿಯಾಡುವುದಕ್ಕೆ ಕಬ್ಬಿಣದ ಜಾಲರಿ, ಹೊಗೆಗೆ ಕೊಳವೆ. ಒಣಗಿದ ಒಂದು ಕಿಲೊ ಸೌದೆಯಲ್ಲಿ ಸುಮಾರು 4,000 ಕಿಲೊಕ್ಯಾಲರಿ ಶಾಖವಿದೆ. ಮೂರು ಕಲ್ಲಿಟ್ಟು ಉರಿಸಿದರೆ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಅಂದರೆ ತಲೆಗೊಂದು ಬಕೆಟ್ಟಿಗೆ ಒಂದು ಕಿಲೊ ಸೌದೆ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ ಸುಮಾರು ಒಂದೂವರೆ ಟನ್ನು. ಮೇಲೆ ಹೇಳಿದ ಮೂರು ಅಂಗಗಳನ್ನು ಬಚ್ಚಲೊಲೆಗೂ ಕೂಡಿಸಿದರೆ ಸೌದೆಯೂ ಇಳಿಯುತ್ತದೆ, ಹೊಗೆಯೂ ಹೊರಗೆ ಹೋಗುತ್ತದೆ.

ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಸೂರ್ಯನ ದರ್ಶನವೇ ದುರ್ಲಭವಾದುದರಿಂದ ಅತ್ತೆಯವರ ಮನೆಗೆ ಸೋಲಾರನ್ನೇ ಹಾಕಿಸಬೇಕೆಂದು ನಾವು ಹೇಳುವುದಿಲ್ಲ. ಹಂಡೆ ಇರಲಿ, ಅದಕ್ಕೊಂದು ಮುಚ್ಚಳವಿರಲಿ. ಗರಿ, ಸಿಪ್ಪೆಗಳನ್ನು ಮಳೆ ತಾಗದಂತೆ ಮಾಡಿನ ಕೆಳಗೆ ಒಣಗಿಸಿಡಬೇಕು. ಹಸಿಯಾದ ಉರುವಲೇ ಅರ್ಧ ಹೊಗೆಗೆ ಕಾರಣ. ಹೊಗೆಕೊಳವೆ ಹೆಂಚಿನ ಮೇಲೆ ಎರಡು ಮೂರು ಅಡಿಯಾದರೂ ಎದ್ದಿರಬೇಕು. ಇಲ್ಲವಾದರೆ ಗಾಳಿ ಹೊಗೆಯನ್ನು ಮತ್ತೆ ಒಳಕ್ಕೇ ತಳ್ಳುವುದು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು ಸುಣ್ಣದ ಗೆರೆ ಎಳೆಯುವ ಮುಂಚೆಯೇ ಗಾರೆ ಕೆಲಸದವನನ್ನು ಕರೆಸಿ ಇಷ್ಟನ್ನು ಮಾಡಿಸುವುದಾದರೆ, ಆ ಖರ್ಚನ್ನು ಬೆಂಗಳೂರಿನ ಮಗ ಸೊಸೆಯರು ಕಳುಹಿಸಲಿ. ಹೊಸ ಗೀಸರಿಗೆ ತೆಗೆದಿಟ್ಟ ಹಣ ಹೇಗೂ ಕೈಯಲ್ಲಿದೆಯಲ್ಲ.